ಬಿಸಿಲಿನ ಜಾಗ, ಸ್ವಿಚ್ಚಿನ ಹೊತ್ತು: ಕಾಸರಗೋಡಿನ ಮನೆ, ತೋಟ ಮತ್ತು ಗುಡ್ಡೆಗಳಿಗೆ ಒಂದು ಕೈಪಿಡಿ

ಜನವರಿಯ ಒಂದು ಸಂಜೆ ಏಳು ಗಂಟೆಯ ಹೊತ್ತಿಗೆ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ಯಾವುದಾದರೂ ಅಡಿಕೆ ತೋಟದ ಮನೆಯ ಜಗಲಿಯಲ್ಲಿ ಕುಳಿತರೆ ಒಂದು ಸಂಗತಿ ಗಮನಕ್ಕೆ ಬರುತ್ತದೆ. ದೇವರ ಕೋಣೆಯ ಬಲ್ಬು ಮಂಕಾಗುತ್ತದೆ, ಫ್ಯಾನು ನಿಧಾನವಾಗುತ್ತದೆ, ತೋಡಿನ (ಸಣ್ಣ ಹೊಳೆಯ) ಆಚೆಯೂ ಈಚೆಯೂ ಎರಡು ಮೂರು ಪಂಪುಗಳ ಸದ್ದು ಒಟ್ಟಿಗೆ ಕೇಳತೊಡಗುತ್ತದೆ. ಇದನ್ನು ನಾವು ವೋಲ್ಟೇಜಿನ ತೊಂದರೆ ಎಂದು ಕರೆದು ಸ್ಟೆಬಿಲೈಸರ್ ಕೊಂಡು ಸುಮ್ಮನಾಗುತ್ತೇವೆ. ಆದರೆ ಅದೇ ಹೊತ್ತಿಗೆ, ನಾವು ನೋಡದ ಯಾವುದೋ ಊರಿನಲ್ಲಿ, ನಮ್ಮೆಲ್ಲರ ಪಂಪುಗಳಿಗಾಗಿ ಬಾಯ್ಲರಿಗೆ ಇನ್ನಷ್ಟು ಕಲ್ಲಿದ್ದಲು ಬೀಳುತ್ತಿರುತ್ತದೆ. ಮನೆಗೆ ಸೋಲಾರ್ ಹಾಕಿಸಬೇಕೆಂದು ಹೊರಟವರು ಮೊದಲಾಗಿ ವಿಚಾರಿಸುವುದು ಎಷ್ಟು ಕಿಲೋವ್ಯಾಟ್ ಬೇಕೆಂಬುದನ್ನು. ನನ್ನ ಮಟ್ಟಿಗೆ ಅದು ಮೂರನೆಯ ಪ್ರಶ್ನೆ. ಕರೆಂಟನ್ನು ಯಾವ ಹೊತ್ತಿನಲ್ಲಿ ಬಳಸುತ್ತೇವೆ ಎಂಬುದು ಮೊದಲನೆಯದು, ಫಲಕವನ್ನು ಎಲ್ಲಿ ಇಡುತ್ತೇವೆ ಎಂಬುದು ಎರಡನೆಯದು. ಈ ಎರಡಕ್ಕೆ ಉತ್ತರ ಸಿಕ್ಕಿದರೆ ಮೂರನೆಯದು ತಾನಾಗಿ ಸಿಗುತ್ತದೆ.

ಹೊತ್ತಿನ ಲೆಕ್ಕ

ತಂತಿಯಲ್ಲಿ ಹರಿಯುವ ವಿದ್ಯುತ್ತನ್ನು ತಂತಿಯಲ್ಲೇ ಕೂಡಿಡಲು ಬರುವುದಿಲ್ಲ. ನಾವು ಸ್ವಿಚ್ ಒತ್ತಿದ ಕ್ಷಣದಲ್ಲಿ ಎಲ್ಲಿಯೋ ಒಂದು ಜನರೇಟರು ಅಷ್ಟನ್ನು ಹೆಚ್ಚು ಕೊಡಬೇಕು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರದ ನಡುವಿನ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣದ ಜಾಲ ಉಳಿದ ದೇಶದ ಜಾಲದೊಂದಿಗೆ ಒಂದಾಯಿತು. ಕನ್ನಡ ಮಾತನಾಡುವ ಎರಡು ಗಡಿ ಊರುಗಳ ನಡುವೆ ಈ ಬೆಸುಗೆ ನಡೆದುದನ್ನು ನಾನು ಸಂತೋಷದಿಂದ ನೆನೆಯುತ್ತೇನೆ. ಅಂದಿನಿಂದ ಭಾರತದಲ್ಲಿರುವುದು ಒಂದೇ ವಿದ್ಯುತ್ ಜಾಲ. ಹಾಗಾಗಿ ಕೇರಳದಲ್ಲಿ ಜಲವಿದ್ಯುತ್ ಇದೆ, ನಮ್ಮ ಕರೆಂಟು ಹೊಗೆಯಿಲ್ಲದ್ದು ಎಂಬ ಸಮಾಧಾನ ಸರಿಯಲ್ಲ. ಈ ರಾಜ್ಯಕ್ಕೆ ಬೇಕಾದ ವಿದ್ಯುತ್ತಿನ ಹೆಚ್ಚಿನ ಪಾಲು ಹೊರಗಿನಿಂದ ಬರುತ್ತದೆ. ಇಡುಕ್ಕಿಯ 780 ಮೆಗಾವ್ಯಾಟ್ ಸ್ಥಾವರವನ್ನು ಮುಖ್ಯವಾಗಿ ಸಂಜೆಯ ಬೇಡಿಕೆಗಾಗಿ ಮೀಸಲಿಟ್ಟು ಓಡಿಸುತ್ತಾರೆ, ಆದರೆ ಜಲಾಶಯದಲ್ಲಿರುವುದು ಅಳತೆಯ ನೀರು. ಇಂದು ಸಂಜೆ ಅನಗತ್ಯವಾಗಿ ಖರ್ಚಾದ ನೀರು ನಾಳೆ ಸಂಜೆಗೆ ಇರುವುದಿಲ್ಲ, ಆ ಕೊರತೆಯನ್ನು ಕಲ್ಲಿದ್ದಲೇ ತುಂಬಬೇಕು.

ದೇಶದ ಜಾಲದ ಸರಾಸರಿ ಲೆಕ್ಕದಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಕಲ್ಲಿದ್ದಲಿನಿಂದಲೇ ಬಂದ ಯೂನಿಟ್ ಆದರೆ ಅದು ಒಂದು ಕಿಲೋಗ್ರಾಮಿನ ಹತ್ತಿರ ಇರುತ್ತದೆ. ಹಗಲು ಹತ್ತರಿಂದ ಮೂರರವರೆಗೆ ದೇಶದ ಸೌರ ಸ್ಥಾವರಗಳೆಲ್ಲ ದುಡಿಯುವುದರಿಂದ ಸರಾಸರಿ ಇಳಿಯುತ್ತದೆ. ಸೂರ್ಯ ಪಡುವಣಕ್ಕೆ ಇಳಿದಂತೆ ಆ ವಿದ್ಯುತ್ ಒಂದೆರಡು ಗಂಟೆಯೊಳಗೆ ಮಾಯವಾಗಿ, ಅದೇ ಹೊತ್ತಿಗೆ ಮನೆಗಳ ದೀಪ, ಟಿವಿ, ಎಸಿಗಳ ಬೇಡಿಕೆ ಏರುತ್ತದೆ. ವಿದ್ಯುತ್ತನ್ನು ಸಗಟಾಗಿ ಕೊಂಡು ಮಾರುವ ವಿನಿಮಯ ಕೇಂದ್ರಗಳಲ್ಲಿ ನಡುಹಗಲಿನ ಬೆಲೆ ಕೆಲವು ದಿನ ತೀರಾ ತಳಕ್ಕಿಳಿಯುವುದೂ, ಸಂಜೆ ಯೂನಿಟ್‌ಗೆ 10 ರೂಪಾಯಿಯ ಗರಿಷ್ಠ ಮಿತಿಯನ್ನು ಮುಟ್ಟುವುದೂ ಇದೇ ಕಾರಣಕ್ಕೆ.

ಇಲ್ಲಿ ಒಂದು ತಪ್ಪುಗ್ರಹಿಕೆಯನ್ನು ಬಿಡಿಸಿ ಹೇಳಬೇಕು. ಹಳೆಯ ರೂಢಿಯಲ್ಲಿ ರಾತ್ರಿ ಹತ್ತರ ನಂತರದ ಹೊತ್ತನ್ನು ಬೇಡಿಕೆ ಕಡಿಮೆಯಿರುವ, ಆದ್ದರಿಂದ ಒಳ್ಳೆಯ ಹೊತ್ತು ಎಂದು ಭಾವಿಸುತ್ತಿದ್ದೆವು. ಬೇಡಿಕೆ ಕಡಿಮೆಯಿರುವುದು ಮತ್ತು ಹೊಗೆ ಕಡಿಮೆಯಿರುವುದು ಒಂದೇ ಅಲ್ಲ. ನಡುರಾತ್ರಿಯ ಯೂನಿಟ್ ಬಹುಪಾಲು ಕಲ್ಲಿದ್ದಲಿನದು. ಅದೂ ಅಲ್ಲದೆ 2024ರ ಬೇಸಿಗೆಯಲ್ಲಿ ಕೇರಳದ ಬೇಡಿಕೆ 5,700 ಮೆಗಾವ್ಯಾಟ್ ದಾಟಿದಾಗ, ಎಸಿ ಮತ್ತು ವಾಹನಗಳ ಚಾರ್ಜಿಂಗಿನಿಂದಾಗಿ ಅತಿಹೆಚ್ಚಿನ ಬೇಡಿಕೆಯ ಹೊತ್ತು ರಾತ್ರಿ ಹತ್ತರ ಆಚೆಗೂ ಸರಿದುಹೋಗಿತ್ತು. ಆದ್ದರಿಂದ ನನ್ನ ಸಲಹೆಯ ಕ್ರಮ ಹೀಗೆ: ಹಗಲು ಹತ್ತರಿಂದ ಮೂರು ಅತ್ಯುತ್ತಮ, ಬೆಳಗ್ಗೆ ಎಂಟರಿಂದ ಹತ್ತು ಮತ್ತು ಮಧ್ಯಾಹ್ನ ಮೂರರಿಂದ ಐದು ಪರವಾಗಿಲ್ಲ, ಅನಿವಾರ್ಯವಾದರೆ ನಡುರಾತ್ರಿ ಕಳೆದ ಮೇಲೆ, ಸಂಜೆ ಆರರಿಂದ ರಾತ್ರಿ ಹನ್ನೊಂದರವರೆಗೆ ಮುಂದೂಡಬಹುದಾದ ಯಾವ ಕೆಲಸವನ್ನೂ ಮಾಡಬಾರದು. ಮಳೆಗಾಲದಲ್ಲಿ ಇದು ತುಸು ಸಡಿಲಗೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಮಿಳುನಾಡು, ಕರ್ನಾಟಕ ಮತ್ತು ಪಾಲಕ್ಕಾಡು ಕಡೆಯ ಗಾಳಿಯಂತ್ರಗಳು ರಾತ್ರಿಯೂ ತಿರುಗುತ್ತವೆ, ಜಲಾಶಯಗಳು ತುಂಬುತ್ತಿರುತ್ತವೆ; ಮಳೆ ಜೋರಾಗಿರುವ ಆಟಿ ತಿಂಗಳ ರಾತ್ರಿಯ ಯೂನಿಟ್ ಮಾರ್ಚ್ ತಿಂಗಳ ರಾತ್ರಿಯ ಯೂನಿಟ್‌ನಷ್ಟು ಕೊಳೆಯಲ್ಲ.

ದರವೂ ಈಗ ಇದೇ ದಾರಿಗೆ ಬರುತ್ತಿದೆ. 2023ರ ಕೇಂದ್ರ ನಿಯಮಗಳು ಸೌರ ಹೊತ್ತಿನ ದರ ಕಡಿಮೆಯೂ ಸಂಜೆಯ ದರ ಹೆಚ್ಚೂ ಇರಬೇಕೆಂದು ವಿಧಿಸಿದವು. ಕೇರಳದ ವಿದ್ಯುತ್ ನಿಯಂತ್ರಣ ಆಯೋಗವು 2024ರ ಡಿಸೆಂಬರಿನಲ್ಲಿ ಕೊಟ್ಟ ಆದೇಶದಂತೆ ತಿಂಗಳಿಗೆ 250 ಯೂನಿಟ್ ಮೀರಿ ಬಳಸುವ ಮನೆಗಳಿಗೆ ಬೆಳಗ್ಗೆ ಆರರಿಂದ ಸಂಜೆ ಆರರವರೆಗೆ ದರದಲ್ಲಿ ಶೇಕಡಾ 10 ಕಡಿತವಿದೆ, ಸಂಜೆ ಆರರಿಂದ ಹತ್ತರವರೆಗೆ ಶೇಕಡಾ 25 ಹೆಚ್ಚುವರಿಯಿದೆ. ಕೃಷಿ ಸಂಪರ್ಕಗಳನ್ನು ಮಾತ್ರ ಕೇಂದ್ರದ ನಿಯಮ ಹೊರಗಿಟ್ಟಿದೆ. ಅಂದರೆ ತೋಟದ ಪಂಪನ್ನು ಯಾವ ಹೊತ್ತಿಗೆ ಓಡಿಸಬೇಕೆಂದು ಬಿಲ್ಲು ನಮಗೆ ಕಲಿಸುವುದಿಲ್ಲ. ಗಡಿಯಾಚೆ ಕರ್ನಾಟಕದಲ್ಲಿ ಕೃಷಿ ಪಂಪುಗಳಿಗೆ ಮೂರು ಫೇಸ್ ಕರೆಂಟನ್ನು ದಿನಕ್ಕೆ ಏಳು ಗಂಟೆ ಎಂದು ಪಾಳಿ ಹಾಕಿ ಕೊಡುವುದರಿಂದ ಅಲ್ಲಿಯ ರೈತನಿಗೆ ಆಯ್ಕೆ ಕಡಿಮೆ. ನಮಗೆ ಆ ನಿರ್ಬಂಧವಿಲ್ಲದ ಕಾರಣ ಹೊಣೆ ಪೂರ್ತಿಯಾಗಿ ನಮ್ಮದು.

ಮೊದಲ ವಾರ: ಬರೆದಿಡುವುದು

ಒಂದು ಹಳೆಯ ನೋಟುಪುಸ್ತಕ ತೆಗೆದುಕೊಂಡು ಒಂದು ವಾರ ದಿನಕ್ಕೆ ಮೂರು ಬಾರಿ, ಬೆಳಗ್ಗೆ ಆರು, ಸಂಜೆ ಆರು ಮತ್ತು ರಾತ್ರಿ ಹತ್ತು ಗಂಟೆಗೆ ಮೀಟರಿನ ಅಂಕಿಯನ್ನು ಬರೆಯಿರಿ. ದರದ ಮೂರು ಹೊತ್ತುಗಳೂ ಇವೇ ಆದುದರಿಂದ ಲೆಕ್ಕ ನೇರವಾಗಿ ಬಿಲ್ಲಿಗೆ ಹೊಂದುತ್ತದೆ. ಕೃಷಿ ಸಂಪರ್ಕದ ಮೀಟರು ಬೇರೆಯಿದ್ದರೆ ಅದನ್ನೂ ಬರೆಯಬೇಕು. ನಮ್ಮಲ್ಲಿ ಬಿಲ್ಲು ಎರಡು ತಿಂಗಳಿಗೊಮ್ಮೆ ಬರುವುದರಿಂದ ಯಾವ ದಿನ ಯಾವ ಕೆಲಸಕ್ಕೆ ಎಷ್ಟು ಹೋಯಿತೆಂಬುದು ಅದರಲ್ಲಿ ಕರಗಿಹೋಗುತ್ತದೆ. ವಾರದ ಈ ಪಟ್ಟಿಯಲ್ಲಿ ಅದು ಎದ್ದು ಕಾಣುತ್ತದೆ. ನೀರು ಬಿಡುವ ಕಾಲದಲ್ಲಿ ಒಮ್ಮೆ, ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ಇನ್ನೊಮ್ಮೆ ಹೀಗೆ ಬರೆದರೆ ಇಡೀ ವರ್ಷದ ಚಿತ್ರ ಸಿಗುತ್ತದೆ.

ಹೆಚ್ಚಿನ ತೋಟದ ಮನೆಗಳಲ್ಲಿ ಪಟ್ಟಿ ತೋರಿಸುವುದು ಒಂದೇ ಸತ್ಯವನ್ನು: ಮನೆಯೊಳಗಿನ ಎಲ್ಲ ಸಾಮಾನುಗಳನ್ನು ಸೇರಿಸಿದರೂ ಪಂಪಿನ ಸಮಕ್ಕೆ ಬರುವುದಿಲ್ಲ. ಮೂರು ಎಚ್‌ಪಿಯ ಪಂಪು ಮೋಟಾರಿನ ನಷ್ಟ ಸೇರಿಸಿ ಗಂಟೆಗೆ ಮೂರು ಯೂನಿಟ್‌ನ ಆಸುಪಾಸು ತಿನ್ನುತ್ತದೆ. ದಿನಕ್ಕೆ ನಾಲ್ಕು ಗಂಟೆ ಓಡಿದರೆ ಹನ್ನೆರಡು ಯೂನಿಟ್. ಡಿಸೆಂಬರಿನಿಂದ ಮೇ ತನಕ ದಿನಬಿಟ್ಟು ದಿನ ಓಡಿದರೂ ಸಾವಿರ ಯೂನಿಟ್ ದಾಟುತ್ತದೆ. ಎಲ್‌ಇಡಿ ಬಲ್ಬಿನ ಬಗ್ಗೆ ನಾವು ಪಡುವ ಶ್ರಮದ ಅರ್ಧವನ್ನಾದರೂ ಪಂಪಿನ ಕಡೆಗೆ ತಿರುಗಿಸಬೇಕು.

ಪಂಪನ್ನು ಹಗಲಿಗೆ ತರುವುದು

ಹೇಳುವುದು ಸುಲಭ, ಆದರೆ ತೋಟ ತಿಳಿದವರು ಕೂಡಲೇ ಒಂದು ಆಕ್ಷೇಪ ಎತ್ತುತ್ತಾರೆ: ನಡುಮಧ್ಯಾಹ್ನ ಸ್ಪ್ರಿಂಕ್ಲರ್ ಬಿಟ್ಟರೆ ಬಿಸಿಲಿಗೂ ಗಾಳಿಗೂ ನೀರು ಆರಿಹೋಗುವುದಿಲ್ಲವೇ? ಆಕ್ಷೇಪ ನ್ಯಾಯವಾದುದು. ಮಾರ್ಚ್ ತಿಂಗಳಲ್ಲಿ ಬಾವಿಯ ತಳ ಕಾಣುವ ಊರಿನಲ್ಲಿ ಹೊಗೆ ಉಳಿಸಲು ನೀರು ಕಳೆಯುವುದು ನನಗೂ ಒಪ್ಪಿಗೆಯಿಲ್ಲ. ಇದಕ್ಕೆ ಮೂರು ದಾರಿಗಳಿವೆ. ಹನಿ ನೀರಾವರಿ ಇರುವ ತೋಟದಲ್ಲಿ ನೀರು ಬುಡಕ್ಕೇ ಇಳಿಯುವುದರಿಂದ ಹನ್ನೊಂದು ಗಂಟೆಗೆ ಬಿಟ್ಟರೂ ನಷ್ಟ ಅಲ್ಪ. ಹೊಸದಾಗಿ ಪೈಪು ಹಾಕಿಸುವವರು ಹನಿಯನ್ನೇ ಆರಿಸಲು ಇದು ಇನ್ನೊಂದು ಕಾರಣ. ಸ್ಪ್ರಿಂಕ್ಲರ್ ಮಾತ್ರ ಇರುವವರು ಬೆಳಗ್ಗೆ ಎಂಟರಿಂದ ಹತ್ತೂವರೆಯ ಹೊತ್ತನ್ನು ಆರಿಸಬಹುದು. ಕಂಗಿನ (ಅಡಿಕೆಯ) ತೋಟದ ಒಳಗೆ ಆಗ ಇನ್ನೂ ನೆರಳಿರುತ್ತದೆ, ಗಾಳಿ ಎದ್ದಿರುವುದಿಲ್ಲ, ದೇಶದ ಸೌರ ಸ್ಥಾವರಗಳು ಅಷ್ಟರಲ್ಲಿ ಕೆಲಸ ಆರಂಭಿಸಿರುತ್ತವೆ.

ಮೂರನೆಯ ದಾರಿಯೇ ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚಿಗೆಯದು. ನಮ್ಮ ಮನೆಗಳು ಗುಡ್ಡೆಯ ಬುಡದಲ್ಲಿವೆ, ತೋಟ ಅದಕ್ಕಿಂತ ಕೆಳಗಿದೆ, ಗುಡ್ಡೆಯ ಮೇಲೆ ಟಾಂಕಿಗೋ ಕೆರೆಗೋ ಜಾಗವಿದೆ. ನಡುಹಗಲಿನಲ್ಲಿ ನೀರನ್ನು ಮೇಲಕ್ಕೇರಿಸಿ, ಸಂಜೆಯೋ ಮರುದಿನ ನಸುಕಿನಲ್ಲೋ ಗೇಟ್‌ವಾಲ್ವ್ ತಿರುಗಿಸಿ ಇಳಿಜಾರಿನ ಬಲದಿಂದಲೇ ತೋಟಕ್ಕೆ ಬಿಡಬಹುದು. ಹತ್ತು ಸಾವಿರ ಲೀಟರ್ ನೀರನ್ನು ಮೂವತ್ತು ಮೀಟರ್ ಎತ್ತರಕ್ಕೇರಿಸಲು ತತ್ವತಃ ಬೇಕಾಗುವುದು 0.8 ಯೂನಿಟ್, ಪಂಪಿನ ನಷ್ಟ ಸೇರಿಸಿದರೆ ಎರಡು ಯೂನಿಟ್‌ನ ಒಳಗೆ. ಆ ಟಾಂಕಿ ಸಂಜೆಯ ಮಟ್ಟಿಗೆ ಬ್ಯಾಟರಿಯ ಕೆಲಸವನ್ನೇ ಮಾಡುತ್ತದೆ, ಅದೂ ಬ್ಯಾಟರಿಗಿಂತ ಎಷ್ಟೋ ಹೆಚ್ಚು ವರ್ಷ ಬಾಳುತ್ತದೆ. ಬಾಯಾರು, ಪೈವಳಿಕೆ, ಎಣ್ಮಕಜೆಯ ಹಿರಿಯರು ಮುರಕಲ್ಲಿನ ಗುಡ್ಡೆಯನ್ನು ಅಡ್ಡಕ್ಕೆ ಕೊರೆದು ಸುರಂಗ ಮಾಡಿ, ಒಂದು ಯೂನಿಟ್ ಕರೆಂಟೂ ಇಲ್ಲದೆ ಅಂಗಳಕ್ಕೆ ನೀರು ತಂದರು. ಸುರಂಗದ ನೀರು ಇನ್ನೂ ಹರಿಯುವ ಮನೆಯವರು ಅದನ್ನು ಬಿಟ್ಟು ಕೊಳವೆಬಾವಿಗೆ ಹೋಗಬಾರದು. ಆಳದಿಂದ ಎತ್ತುವ ಪ್ರತಿ ಮೀಟರಿಗೂ ಕರೆಂಟು ಸುಡುತ್ತದೆ. ಏತಡ್ಕದಂತಹ ಕಡೆ ಮಳೆ ಮುಗಿದ ಮೇಲೆ ತೋಡಿಗೆ ಕಟ್ಟ ಕಟ್ಟಿ ಬಾವಿಗಳ ನೀರಿನ ಮಟ್ಟ ಮೇಲೆ ಉಳಿಯುವಂತೆ ಮಾಡುತ್ತಾರೆ. ನೀರು ಮೇಲಿದ್ದಷ್ಟೂ ಪಂಪಿನ ದುಡಿಮೆ ಕಡಿಮೆ, ಆದ್ದರಿಂದ ಊರಿನ ಕಟ್ಟವನ್ನು ವಿದ್ಯುತ್ ಉಳಿತಾಯದ ಲೆಕ್ಕದಲ್ಲಿಯೂ ಸೇರಿಸಬೇಕು.

ಪಂಪಿನ ಸ್ಟಾರ್ಟರಿಗೆ ಟೈಮರ್ ಹಾಕಿಸುವಾಗ ಎರಡು ವಿಷಯ ಗಮನಿಸಿ. ಕರೆಂಟು ಹೋಗಿ ಬಂದಾಗ ತಾನಾಗಿ ಚಾಲೂ ಆಗುವ ವ್ಯವಸ್ಥೆಯಿದ್ದರೆ ಅದು ಟೈಮರ್ ಹೇಳಿದ ಹೊತ್ತಿನೊಳಗೆ ಮಾತ್ರ ಕೆಲಸ ಮಾಡುವಂತೆ ಜೋಡಿಸಬೇಕು, ಇಲ್ಲವಾದರೆ ರಾತ್ರಿ ಎಂಟಕ್ಕೆ ಕರೆಂಟು ಬಂದ ಕೂಡಲೇ ಇಡೀ ಬಯಲಿನ ಪಂಪುಗಳು ಒಟ್ಟಿಗೆ ಎದ್ದು ಟ್ರಾನ್ಸ್‌ಫಾರ್ಮರನ್ನು ಮತ್ತೆ ಕೆಡವುತ್ತವೆ. ಎರಡನೆಯದಾಗಿ, ಒಂದೇ ಟ್ರಾನ್ಸ್‌ಫಾರ್ಮರಿನ ನೆರೆಮನೆಯವರು ತಮ್ಮೊಳಗೆ ಹೊತ್ತು ಹಂಚಿಕೊಂಡರೆ ಎಲ್ಲರಿಗೂ ಲಾಭ. ತಂತಿಯಲ್ಲಿ ಕಾವಾಗಿ ಕಳೆದುಹೋಗುವ ವಿದ್ಯುತ್ತು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: ಪ್ರವಾಹ ಎರಡು ಪಟ್ಟಾದರೆ ನಷ್ಟ ನಾಲ್ಕು ಪಟ್ಟು. ಕಟ್ಟದ ನೀರನ್ನು ಪಾಳಿಯಲ್ಲಿ ಹಂಚಿಕೊಂಡು ಬದುಕಿದ ಊರಿಗೆ ಕರೆಂಟಿನ ಪಾಳಿ ಹೊಸ ವಿದ್ಯೆಯೇನಲ್ಲ.

ಮನೆಯೊಳಗಿನ ಕೆಲಸಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬಟ್ಟೆ ಒಗೆಯುವ ಯಂತ್ರ, ಗ್ರೈಂಡರು, ಇಸ್ತ್ರಿಪೆಟ್ಟಿಗೆಗಳನ್ನು ನಡುಹಗಲಿಗೆ ತನ್ನಿ; ದೋಸೆಹಿಟ್ಟನ್ನು ಸಂಜೆ ಏಳಕ್ಕೆ ಅರೆಯುವ ಬದಲು ನಾಲ್ಕಕ್ಕೆ ಅರೆದರೆ ಮರುದಿನಕ್ಕೆ ಇನ್ನೂ ಚೆನ್ನಾಗಿ ಹುಳಿ ಬರುತ್ತದೆ. ಬಚ್ಚಲಿನಲ್ಲಿ ಸೋಗೆ, ಅಡಿಕೆ ಸಿಪ್ಪೆಯ ಬೆಂಕಿಯಲ್ಲಿ ಹಂಡೆಯ ನೀರು ಕಾಯಿಸುವವರು ಗೀಸರಿನ ಗೊಡವೆಗೆ ಹೋಗುವುದು ಬೇಡ. ವಿದ್ಯುತ್ ಸ್ಕೂಟರನ್ನು ಮನೆಗೆ ಬಂದ ಕೂಡಲೇ ಪ್ಲಗ್ಗಿಗೆ ಸಿಕ್ಕಿಸುವ ಅಭ್ಯಾಸವೇ ಸಂಜೆಯ ಬೇಡಿಕೆಯನ್ನು ಏರಿಸುತ್ತಿರುವುದು. ಹಗಲು ಮನೆಯಲ್ಲಿರದವರು ರಜಾದಿನದ ಮಧ್ಯಾಹ್ನ ತುಂಬಿಸಿಕೊಂಡು, ವಾರದ ನಡುವೆ ಬೇಕಾದರೆ ನಡುರಾತ್ರಿಯ ನಂತರಕ್ಕೆ ಟೈಮರ್ ಇಡಬಹುದು. ದೀಪ, ಫ್ಯಾನು, ಮಕ್ಕಳ ಓದು, ಅಡುಗೆ ಇವುಗಳನ್ನು ಮುಟ್ಟಬೇಡಿ. ಸಂಜೆಯ ಕರೆಂಟು ಇರುವುದೇ ಇವುಗಳಿಗಾಗಿ.

ಮಾಡಿನ ಮೇಲೆ ಎಲ್ಲಿ ಇಡುವುದು

ಕಾಸರಗೋಡು ಉತ್ತರ ಅಕ್ಷಾಂಶ 12.5 ಡಿಗ್ರಿಯಲ್ಲಿದೆ, ಪೂರ್ವ ರೇಖಾಂಶ 75ರಲ್ಲಿದೆ. ಈ ಎರಡು ಅಂಕಿಗಳಿಂದಲೇ ನಮಗೆ ಬೇಕಾದ ಬಹುಪಾಲು ಸಂಗತಿಗಳು ಹೊರಡುತ್ತವೆ. ಭಾರತದ ಗಡಿಯಾರ 82.5 ಡಿಗ್ರಿಗೆ ಹೊಂದಿಸಿದ್ದರಿಂದ ನಮ್ಮಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ಸುಮಾರು ಹನ್ನೆರಡೂವರೆಗೆ. ಹತ್ತರಿಂದ ಮೂರು ಎಂದು ನಾನು ಮೇಲೆ ಹೇಳಿದುದು ಇದಕ್ಕಾಗಿಯೂ ಸರಿಹೊಂದುತ್ತದೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ನಡುಹಗಲಿನ ಸೂರ್ಯ ನಮ್ಮ ತಲೆಯ ಉತ್ತರಕ್ಕಿರುತ್ತಾನೆ. ವರ್ಷದ ಉಳಿದ ಭಾಗದಲ್ಲಿ, ಅಂದರೆ ಆಕಾಶ ತಿಳಿಯಾಗಿರುವ ತಿಂಗಳುಗಳಲ್ಲಿ, ದಕ್ಷಿಣಕ್ಕೆ. ಆದ್ದರಿಂದ ಫಲಕಗಳು ದಕ್ಷಿಣಕ್ಕೆ ಮುಖ ಮಾಡಿ ಹನ್ನೆರಡರಿಂದ ಹದಿನೈದು ಡಿಗ್ರಿ ಬಾಗಿರುವುದು ಒಳ್ಳೆಯದು. ಹತ್ತು ಡಿಗ್ರಿಗಿಂತ ಚಪ್ಪಟೆಯಾಗಿ ಮಾತ್ರ ಇಡಬೇಡಿ. ನಮ್ಮ ಮಳೆಗಾಲದಲ್ಲಿ ನೀರು ಅಂಚಿನಲ್ಲಿ ನಿಂತು ಪಾಚಿ ಕಟ್ಟುತ್ತದೆ.

ಮಾಡು ಪೂರ್ವ–ಪಶ್ಚಿಮಕ್ಕೆ ಇಳಿದಿದ್ದರೆ ನಿರಾಶೆ ಬೇಡ. ಸೂರ್ಯ ಇಷ್ಟು ಎತ್ತರದಲ್ಲಿ ಸಾಗುವ ಊರಿನಲ್ಲಿ ದಿಕ್ಕಿನಿಂದಾಗುವ ನಷ್ಟ ಅಲ್ಪವಾದದ್ದು. ಪಶ್ಚಿಮದ ಇಳಿಜಾರಿನಲ್ಲಿಟ್ಟ ಫಲಕ ಸಂಜೆ ನಾಲ್ಕೈದು ಗಂಟೆಯವರೆಗೂ ಹೆಚ್ಚು ಕೊಡುವುದರಿಂದ ಜಾಲಕ್ಕೆ ಅದರ ಬೆಲೆ ಹೆಚ್ಚು. ಆದರೆ ಏಪ್ರಿಲ್, ಮೇ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ನಮ್ಮಲ್ಲಿ ಮಧ್ಯಾಹ್ನದ ನಂತರ ಮೋಡ ಕವಿದು ಗುಡುಗುವುದರಿಂದ ಪೂರ್ವದ ಇಳಿಜಾರು ಹೆಚ್ಚು ಯೂನಿಟ್ ಕೊಡುತ್ತದೆ. ಜಾಗವಿದ್ದರೆ ಎರಡೂ ಕಡೆ ಹಂಚಿ ಹಾಕಿಸಿ.

ದಿಕ್ಕಿಗಿಂತ ದೊಡ್ಡ ವಿಷಯ ನೆರಳು. ನಮ್ಮ ಮನೆಗಳ ಸುತ್ತ ತೆಂಗು, ಕಂಗು, ಹಲಸು, ಮಾವುಗಳಿವೆ. ಫಲಕಗಳನ್ನು ಸರಣಿಯಲ್ಲಿ ಜೋಡಿಸುವುದರಿಂದ ಒಂದು ಸೋಗೆಯ ನೆರಳು ಒಂದೇ ಫಲಕದ ಮೂಲೆಗೆ ಬಿದ್ದರೂ ಇಡೀ ಸರಣಿಯ ಉತ್ಪತ್ತಿ ತಗ್ಗಬಹುದು. ನೆರಳನ್ನು ಪರೀಕ್ಷಿಸಲು ಧನುರ್ಮಾಸವೇ ಸರಿಯಾದ ಕಾಲ. ಡಿಸೆಂಬರ್ 21ರ ಹೊತ್ತಿಗೆ ನೆರಳುಗಳು ವರ್ಷದಲ್ಲೇ ಉದ್ದವಾಗಿರುತ್ತವೆ. ಅಂದು ನಡುಹಗಲಿನಲ್ಲಿ ಸೂರ್ಯನ ಎತ್ತರ 54 ಡಿಗ್ರಿ, ಬೆಳಗ್ಗೆ ಒಂಬತ್ತೂವರೆಗೆ 33 ಡಿಗ್ರಿ ಮಾತ್ರ. ಇದನ್ನು ಅಳತೆಗೆ ತಂದರೆ ಹೀಗಾಗುತ್ತದೆ: ಮರವು ಫಲಕಕ್ಕಿಂತ ಎಷ್ಟು ಮೀಟರ್ ಎತ್ತರಕ್ಕಿದೆಯೋ ಅದರ ಮುಕ್ಕಾಲು ಪಾಲಿನಷ್ಟು ದೂರ ದಕ್ಷಿಣದಲ್ಲಿಯೂ, ಒಂದೂವರೆ ಪಟ್ಟು ದೂರ ಆಗ್ನೇಯ ಮತ್ತು ನೈರುತ್ಯದಲ್ಲಿಯೂ ತೆರವಿರಬೇಕು. ಆರು ಮೀಟರ್ ಎತ್ತರದ ತಾರಸಿಯ ಎದುರು ಹದಿನೈದು ಮೀಟರಿನ ಕಂಗಿದ್ದರೆ ಲೆಕ್ಕಕ್ಕೆ ಬರುವುದು ಒಂಬತ್ತು ಮೀಟರ್ ಮಾತ್ರ. ಅದು ದಕ್ಷಿಣದಲ್ಲಿ ಏಳು ಮೀಟರ್, ಆಗ್ನೇಯದಲ್ಲಿ ಹದಿನಾಲ್ಕು ಮೀಟರ್ ದೂರದಲ್ಲಿದ್ದರೆ ಚಿಂತೆಯಿಲ್ಲ. ಉತ್ತರದ ಮರಗಳಿಂದ ಬಹುಮಟ್ಟಿಗೆ ತೊಂದರೆಯಿಲ್ಲ, ಏಕೆಂದರೆ ಅವುಗಳ ನೆರಳು ಇತ್ತ ಬರುವ ಕಾಲಕ್ಕೆ ಮಳೆಗಾಲವೇ ಬಂದಿರುತ್ತದೆ.

ಲೆಕ್ಕ ಸರಿಹೋಗದಿದ್ದರೆ ಮರ ಕಡಿಯಬೇಡಿ, ಫಲಕದ ಜಾಗ ಬದಲಿಸಿ. ಹಲಸಿನ ಮರವೊಂದು ಮನೆಗೆ ಕೊಡುವ ತಂಪನ್ನು ಕಳೆದುಕೊಂಡು ಅಲ್ಲಿಗೆ ಎಸಿ ತರುವುದು ಯಾವ ಉಳಿತಾಯವೂ ಅಲ್ಲ. ಹಟ್ಟಿಯ ಮಾಡು, ಅಡಿಕೆ ಒಣಗಿಸುವ ಅಂಗಳದ ಅಂಚು, ಮನೆಯ ಹಿಂದಿನ ಗುಡ್ಡೆಯ ಬೋಳು ತುದಿ ಇವುಗಳನ್ನೂ ನೋಡಿ. ಗುಡ್ಡೆಯಿಂದ ನೂರು ಮೀಟರ್ ತಂತಿ ಎಳೆಯಬೇಕಾದರೆ ಒಂದಳತೆ ದಪ್ಪದ ಕೇಬಲ್ ಹಾಕಿಸಿದರೆ ನಷ್ಟ ಹತೋಟಿಯಲ್ಲಿರುತ್ತದೆ. ಅಡಿಕೆ ಒಣಗುವ ಅಂಗಳದ ನಡುವಿಗೆ ಮಾತ್ರ ನೆರಳು ಬೀಳಬಾರದು. ಆ ಬಿಸಿಲು ಸುಮಾರು ನಲುವತ್ತು ದಿನ ಯಾವ ಯಂತ್ರವೂ ಇಲ್ಲದೆ ಕೆಲಸ ಮಾಡುತ್ತದೆ, ಅದಕ್ಕಿಂತ ಒಳ್ಳೆಯ ಸೌರಶಕ್ತಿ ಇನ್ನೊಂದಿಲ್ಲ.

ಜೋಡಣೆಯ ವೇಳೆ ನೀವು ಎದುರು ನಿಂತು ನೋಡಬೇಕಾದ ಕೆಲವು ಸಂಗತಿಗಳಿವೆ. ಫಲಕ ಕಾದಷ್ಟೂ ಅದರ ಉತ್ಪತ್ತಿ ಇಳಿಯುತ್ತದೆ, ಆದ್ದರಿಂದ ಮಾಡಿಗೂ ಫಲಕಕ್ಕೂ ನಡುವೆ ಗಾಳಿಯಾಡುವಷ್ಟು ಅಂತರ ಬೇಕು. ಹಂಚಿನ ಮಾಡಿನಲ್ಲಿ ಭಾರ ಹಂಚಿನ ಮೇಲೆ ಬೀಳದೆ ಪಕ್ಕಾಸಿನ ಮೇಲೆ ಕೂರಬೇಕು, ತೂತಿನಿಂದ ಮಳೆನೀರು ಇಳಿಯಬಾರದು. ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡಲಬದಿಯವರು ಕಂಬಗಳಿಗೆ ಬಿಸಿ ಸತುವಿನ ಲೇಪ ಮತ್ತು ಸ್ಟೇನ್‌ಲೆಸ್ ಸ್ಟೀಲಿನ ಬೋಲ್ಟುಗಳನ್ನೇ ಕೇಳಬೇಕು, ಉಪ್ಪುಗಾಳಿ ಉಳಿದವನ್ನು ಕೆಲವೇ ವರ್ಷಗಳಲ್ಲಿ ತಿನ್ನುತ್ತದೆ. ಮಿಂಚುನಿರೋಧಕ, ಸರ್ಜ್ ರಕ್ಷಣೆ ಮತ್ತು ಪ್ರತ್ಯೇಕ ಅರ್ತಿಂಗ್ ಇಲ್ಲದೆ ಕೆಲಸ ಮುಗಿಯಿತೆಂದು ಸಹಿ ಹಾಕಬೇಡಿ. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಬೇಗ ಒಣಗುವುದರಿಂದ ಅರ್ತ್ ಗುಂಡಿಯನ್ನು ತೇವ ಉಳಿಯುವ ಕಡೆ, ಬಚ್ಚಲು ನೀರು ಇಂಗುವಲ್ಲಿಯೋ ಬಾಳೆಯ ಬುಡದಲ್ಲಿಯೋ ತೆಗೆಯುವುದು ಮೇಲು.

ಇನ್ನು ಅಳತೆ. ಒಂದು ಕಿಲೋವ್ಯಾಟ್ ಫಲಕ ನಮ್ಮಲ್ಲಿ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. ಫೆಬ್ರವರಿ–ಮಾರ್ಚ್‌ನಲ್ಲಿ ಅದಕ್ಕಿಂತ ಹೆಚ್ಚು, ಜೂನ್–ಜುಲೈಯಲ್ಲಿ ಅರ್ಧದಷ್ಟು. ನಿಮ್ಮ ನೋಟುಪುಸ್ತಕದ ಹಗಲಿನ ಅಂಕಿಗೆ ಹಗಲಿಗೆ ತಂದ ಕೆಲಸಗಳನ್ನು ಸೇರಿಸಿ ನಾಲ್ಕರಿಂದ ಭಾಗಿಸಿದರೆ ಬೇಕಾದ ಕಿಲೋವ್ಯಾಟ್ ಸಿಗುತ್ತದೆ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಎರಡು ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟ್ ಒಂದಕ್ಕೆ 30,000 ರೂಪಾಯಿ, ಮೂರು ಮತ್ತು ಅದಕ್ಕಿಂತ ಮೇಲಿನದಕ್ಕೆ ಒಟ್ಟು 78,000 ರೂಪಾಯಿ ಸಹಾಯಧನವಿದೆ. ಸಹಾಯಧನದ ಆಸೆಗೆ ಬೇಡದಷ್ಟು ದೊಡ್ಡದನ್ನು ಹಾಕಿಸುವುದರಿಂದ ಇನ್ನೊಂದು ತೊಂದರೆಯಿದೆ. ಉದ್ದನೆಯ ಲೈನಿನ ಕೊನೆಯಲ್ಲಿರುವ ನಮ್ಮಂತಹ ಊರುಗಳಲ್ಲಿ ಎಲ್ಲ ಮನೆಗಳ ಫಲಕಗಳೂ ನಡುಹಗಲಿನಲ್ಲಿ ಒಟ್ಟಿಗೆ ಲೈನಿಗೆ ತಳ್ಳಿದರೆ ವೋಲ್ಟೇಜ್ ಏರಿ, ಫಲಕದ ಕರೆಂಟನ್ನು ಲೈನಿಗೆ ಹೊಂದಿಸಿ ಕೊಡುವ ಇನ್ವರ್ಟರುಗಳು ತಾವಾಗಿ ನಿಂತುಬಿಡುತ್ತವೆ. ಅದೇ ಹೊತ್ತಿಗೆ ಪಂಪುಗಳು ಓಡುತ್ತಿದ್ದರೆ ವೋಲ್ಟೇಜ್ ಹದದಲ್ಲಿರುತ್ತದೆ. ಸಂಜೆ ಬೀಳುವ ವೋಲ್ಟೇಜಿಗೂ ಮಧ್ಯಾಹ್ನ ಏರುವ ವೋಲ್ಟೇಜಿಗೂ ಪಂಪಿನ ಹೊತ್ತನ್ನು ಬದಲಿಸುವುದೊಂದೇ ಮದ್ದು. ಕರೆಂಟು ಹೋದಾಗ ಸಾಮಾನ್ಯ ಗ್ರಿಡ್ ಇನ್ವರ್ಟರ್ ಕೂಡ ನಿಲ್ಲುತ್ತದೆ, ಅದು ಲೈನ್‌ಮನ್‌ನ ಪ್ರಾಣರಕ್ಷಣೆಗಾಗಿ ಇರುವ ವ್ಯವಸ್ಥೆ ಎಂಬುದನ್ನು ಮೊದಲೇ ತಿಳಿದಿರಬೇಕು.

ಮಳೆಗಾಲಕ್ಕೆ ತೋಡು

ಸೌರ ಉತ್ಪತ್ತಿ ಕುಸಿಯುವ ತಿಂಗಳುಗಳಲ್ಲೇ ನಮ್ಮ ತೋಡುಗಳು ತುಂಬಿ ಹರಿಯುತ್ತವೆ. ಇಪ್ಪತ್ತು ಮೀಟರ್ ಇಳಿತದಲ್ಲಿ ಸೆಕೆಂಡಿಗೆ ಹತ್ತು ಲೀಟರ್ ನೀರನ್ನು ಪೈಪಿನಲ್ಲಿ ತರಲು ಸಾಧ್ಯವಾದರೆ, ಅರ್ಧದಷ್ಟು ನಷ್ಟವನ್ನು ಕಳೆದರೂ ಹತ್ತಿರಹತ್ತಿರ ಒಂದು ಕಿಲೋವ್ಯಾಟ್ ಸಿಗುತ್ತದೆ. ಅದು ರಾತ್ರಿಯೂ ನಿಲ್ಲದ ಕಾರಣ ದಿನಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಯೂನಿಟ್, ಅಂದರೆ ಆಟಿಯ ಮೋಡದ ಕೆಳಗಿನ ಹತ್ತು ಕಿಲೋವ್ಯಾಟ್ ಫಲಕದ ಸಮ. ಬಕೆಟ್ಟು ಮತ್ತು ಗಡಿಯಾರದಿಂದ ಹರಿವನ್ನು ಅಳೆಯಿರಿ, ಆದರೆ ಭಾರೀ ಮಳೆಯ ದಿನವಲ್ಲ, ಮಳೆ ಬಿಟ್ಟು ಒಂದು ವಾರವಾದ ಮೇಲೆ. ನೀರನ್ನು ಅದೇ ತೋಡಿಗೆ ಮರಳಿಸಬೇಕು, ಕೆಳಗಿನವರ ಕಟ್ಟಕ್ಕೂ ಮೀನುಗಳಿಗೂ ಬೇಕಾದಷ್ಟು ಹರಿವನ್ನು ತೋಡಿನಲ್ಲೇ ಬಿಡಬೇಕು.

ಗುಡ್ಡೆಯ ಮೇಲಿನ ದೊಡ್ಡ ಸ್ಥಾವರಗಳು

2021ರ ಫೆಬ್ರವರಿ 19ರಂದು ಉದ್ಘಾಟನೆಗೊಂಡ 50 ಮೆಗಾವ್ಯಾಟ್ ಸೌರ ಸ್ಥಾವರ ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳ ಸುಮಾರು 250 ಎಕರೆಯಲ್ಲಿ ಹರಡಿದೆ; ದಕ್ಷಿಣಕ್ಕೆ ಅಂಬಲತ್ತರದಲ್ಲಿಯೂ ಅಷ್ಟೇ ದೊಡ್ಡದೊಂದಿದೆ. ಮೆಗಾವ್ಯಾಟಿಗೆ ಐದು ಎಕರೆ ಎಂದು ಇಟ್ಟುಕೊಂಡರೆ, ಇನ್ನು ಮುಂದೆಯೂ ನಮ್ಮ ಪದವುಗಳ (ಗುಡ್ಡೆಯ ಮೇಲಿನ ಬಯಲುಗಳ) ಮೇಲೆ ಕಣ್ಣು ಬೀಳುವುದು ಖಂಡಿತ. ನಾನು ಇಂತಹ ಸ್ಥಾವರಗಳ ವಿರೋಧಿಯಲ್ಲ, ಇವು ಬೇಕೇ ಬೇಕು. ಆದರೆ ಕಂದಾಯದ ಕಡತದಲ್ಲಿ ಬಂಜರು ಎಂದು ಬರೆದ ಮಾತ್ರಕ್ಕೆ ಮುರಕಲ್ಲಿನ ಪದವು ಬಂಜರಾಗುವುದಿಲ್ಲ. ಮಳೆಗಾಲದಲ್ಲಿ ಅಲ್ಲಿ ಪಳ್ಳಗಳು ತುಂಬುತ್ತವೆ, ಅಂಗೈಯಷ್ಟು ಮಣ್ಣಿನಲ್ಲಿ ನೀಲಿ, ಬಿಳಿ ಹೂಗಳ ಸಣ್ಣ ಗಿಡಗಳು ಹಾಸಿಕೊಳ್ಳುತ್ತವೆ, ದನಗಳು ಮೇಯುತ್ತವೆ. ಅಲ್ಲಿ ಇಂಗಿದ ನೀರೇ ತಿಂಗಳುಗಳ ನಂತರ ಬುಡದ ಸುರಂಗಗಳಲ್ಲಿ ಒಸರುತ್ತದೆ.

ಆದುದರಿಂದ ಗ್ರಾಮಸಭೆಗೆ ಇಂತಹ ಪ್ರಸ್ತಾಪ ಬಂದಾಗ ನಕ್ಷೆಯನ್ನು ಮೇಜಿನ ಮೇಲೆ ಹರಡಿಸಿ, ಅದರಲ್ಲಿ ಪಳ್ಳ, ಮದಕ (ಕೆರೆ), ಸುರಂಗದ ಬಾಯಿ, ದೈವದ ಬನ ಮತ್ತು ದನದ ದಾರಿಗಳನ್ನು ಊರಿನ ಹಿರಿಯರಿಂದ ಗುರುತು ಹಾಕಿಸುವುದು ಮೊದಲ ಕೆಲಸ. ಈ ಗುರುತುಗಳ ಸುತ್ತ ಜಾಗ ಬಿಟ್ಟ ಮೇಲೆ ಉಳಿದದ್ದು ಎಷ್ಟು ಎಂದು ಕೇಳಿ. ನೆಲವನ್ನು ಜೆಸಿಬಿಯಿಂದ ಸಮತಟ್ಟು ಮಾಡುವ ಬದಲು ಇರುವ ಇಳಿಜಾರಿನಲ್ಲೇ ಕಂಬ ನೆಡಬಹುದೇ, ಫಲಕಗಳ ಅಂಚಿನಿಂದ ಧಾರೆಯಾಗಿ ಬೀಳುವ ಮಳೆನೀರು ಎಲ್ಲಿಗೆ ಹೋಗುತ್ತದೆ, ಅದು ಗುಡ್ಡೆಯ ಅಂಚನ್ನು ಕೊರೆಯದಂತೆ ಇಂಗುಗುಂಡಿಗಳಿವೆಯೇ, ಫಲಕಗಳ ಕೆಳಗೆ ಹುಲ್ಲು ಬೆಳೆಯಲು ಬಿಡುತ್ತಾರೋ ಅಥವಾ ಕಳೆನಾಶಕ ಹೊಡೆಯುತ್ತಾರೋ ಎಂಬುದನ್ನು ಲಿಖಿತವಾಗಿ ಪಡೆಯಿರಿ. ಎಂಡೋಸಲ್ಫಾನ್ ವಿಷ ಸಿಂಪಡಣೆಯ ಫಲವನ್ನು ಉಂಡ ಈ ನೆಲದಲ್ಲಿ ಕೊನೆಯ ಪ್ರಶ್ನೆಯನ್ನು ಕೇಳದೆ ಬಿಡಬಾರದು. ಫಲಕ ತೊಳೆಯಲು ಬೇಸಿಗೆಯಲ್ಲಿ ನೀರು ಯಾವ ಬಾವಿಯಿಂದ ಬರುತ್ತದೆ ಎಂಬುದೂ ಮುಖ್ಯ. ಗದ್ದೆಗಳ ವಿಷಯದಲ್ಲಿ ಚರ್ಚೆಯೇ ಬೇಡ. ಕೇರಳದ 2008ರ ಭತ್ತದ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾನೂನು ಅವುಗಳ ರೂಪ ಬದಲಿಸುವುದನ್ನು ತಡೆಯುತ್ತದೆ.

ಪದವುಗಳಿಗೆ ಕೈಹಾಕುವ ಮೊದಲು ಈಗಾಗಲೇ ಕಟ್ಟಿದ ಮಾಡುಗಳನ್ನು ಎಣಿಸುವುದು ನ್ಯಾಯ. ಶಾಲೆಗಳ ತಾರಸಿ, ಪಂಚಾಯತ್ ಕಟ್ಟಡ, ಸಹಕಾರಿ ಸಂಘದ ಗೋದಾಮು, ದೇವಸ್ಥಾನದ ಭೋಜನಶಾಲೆ, ಮದುವೆ ಮಂಟಪ: ಇವುಗಳಿಗೆ ಲೈನು ಹತ್ತಿರವಿದೆ, ಬಳಕೆಯೂ ಹೆಚ್ಚಾಗಿ ಹಗಲಿನದು.

ಬ್ಯಾಟರಿ

ಮನೆಗೆ ಬ್ಯಾಟರಿ ಬೇಕೇ ಎಂದು ಅನೇಕರು ಕೇಳುತ್ತಾರೆ. ಕರೆಂಟು ಪದೇ ಪದೇ ಹೋಗುವ ಒಳಪ್ರದೇಶದ ಮನೆಗೆ ಅದು ಬೇರೆ ಕಾರಣಕ್ಕೆ ಬೇಕಾಗಬಹುದು. ಹೊಗೆ ತಗ್ಗಿಸುವ ಉದ್ದೇಶಕ್ಕಾದರೆ ಕೆಲಸಗಳನ್ನು ಹಗಲಿಗೆ ತಂದು, ಗುಡ್ಡೆಯ ಟಾಂಕಿ ಕಟ್ಟಿಸಿದ ಮೇಲೆಯೇ ಅದನ್ನು ಯೋಚಿಸಿ, ಏಕೆಂದರೆ ಸೀಸದ ಬ್ಯಾಟರಿ ತುಂಬಿಸಿ ತೆಗೆಯುವುದರಲ್ಲಿ ಐದನೇ ಒಂದು ಪಾಲಿನಷ್ಟು ಸೋರಿಹೋಗುತ್ತದೆ. ಈಗಾಗಲೇ ಇನ್ವರ್ಟರ್ ಬ್ಯಾಟರಿ ಇರುವವರು ಸಂಜೆ ಕರೆಂಟು ಬಂದ ಕೂಡಲೇ ಅದು ಚಾರ್ಜಿಗೆ ತೊಡಗದಂತೆ ಸೌರ ಹೊತ್ತಿಗೆ ಹೊಂದಿಸಬಹುದು. ಊರಿಗೆಲ್ಲ ಸೇರಿ ಒಂದು ದೊಡ್ಡ ಬ್ಯಾಟರಿ ಇರುವುದು ಹೆಚ್ಚು ಬುದ್ಧಿವಂತಿಕೆಯ ದಾರಿ. ನಮ್ಮ ಜಿಲ್ಲೆಯ ಮೈಲಾಟಿಗೆ ಗೊತ್ತುಮಾಡಿರುವ ಬ್ಯಾಟರಿ ಯೋಜನೆಯ ಅಳತೆ 125 ಮೆಗಾವ್ಯಾಟ್, 500 ಮೆಗಾವ್ಯಾಟ್ ಅವರ್. ಭಾಗಿಸಿದರೆ ಸರಿಯಾಗಿ ನಾಲ್ಕು ಗಂಟೆ, ಅಂದರೆ ಸಂಜೆ ಆರರಿಂದ ಹತ್ತು. ಅದು ನಡುಹಗಲಿನ ಬಿಸಿಲಿನಿಂದ ತುಂಬಬೇಕಾದದ್ದು, ಮತ್ತು ಆ ನಾಲ್ಕು ಗಂಟೆಗಳಲ್ಲಿ ನಮ್ಮ ಪಂಪುಗಳು ಸುಮ್ಮನಿದ್ದರೆ ಅಷ್ಟೇ ಬ್ಯಾಟರಿ ಇನ್ನಷ್ಟು ಮನೆಗಳ ದೀಪಕ್ಕೆ ಸಾಲುತ್ತದೆ.

ಎಲ್ಲ ಜೋಡಣೆ ಮುಗಿದ ಮೇಲೆ ವರ್ಷಕ್ಕೊಮ್ಮೆ, ಮಳೆ ಮುಗಿದು ದೀಪಾವಳಿ ಬರುವ ಮೊದಲು, ಒಂದು ದಿನ ಇದಕ್ಕೆ ಮೀಸಲಿಡಿ. ಬೆಳಗಿನ ತಂಪಿನಲ್ಲಿ ಫಲಕದ ಪಾಚಿಯನ್ನು ಮೆತ್ತನೆಯ ಬಟ್ಟೆಯಿಂದ ಒರಸಿ, ಕಾದ ಗಾಜಿಗೆ ತಣ್ಣೀರು ಸುರಿಯಬೇಡಿ. ಹೊಸದಾಗಿ ಚಾಚಿದ ಕೊಂಬೆಗಳ ನೆರಳನ್ನು ನೋಡಿ, ಬೋಲ್ಟು ಮತ್ತು ಅರ್ತ್ ತಂತಿಯನ್ನು ಪರೀಕ್ಷಿಸಿ, ಕರೆಂಟು ಹೋದಾಗಲೆಲ್ಲ ಹಿಂದೆ ಬಿದ್ದಿರಬಹುದಾದ ಪಂಪಿನ ಟೈಮರಿನ ಗಡಿಯಾರವನ್ನು ಸರಿಪಡಿಸಿ, ನೋಟುಪುಸ್ತಕದ ಹೊಸ ಪುಟದಲ್ಲಿ ಆ ಬೇಸಿಗೆಯ ಮೊದಲ ಅಂಕಿಯನ್ನು ಬರೆಯಿರಿ.